ಯಾವ ಎದೆ?

ಆ ಬೀದಿಯಲ್ಲಿ ಅವಳ ಮಾತು ಬಂದಾಗಲೆಲ್ಲ ಜನ ಒಂದೇ ಹೇಳುತ್ತಿದ್ದರು: "ಅವಳು ಮಡಚಿದ ಚಾದರದ ಅಂಚಿನಲ್ಲಿ ಈರುಳ್ಳಿ ಹೆಚ್ಚಬಹುದು ನೋಡಿ." ಮಾತಿಗೆ ಉಪ್ಪುಖಾರ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು, ಆದರೆ ಸುಳ್ಳೇನಲ್ಲ. ಬೀದಿಯ ತುದಿಯಲ್ಲಿ ಒಂದು ದೊಡ್ಡ ಲಾಂಡ್ರಿ. ಹೋಟೆಲು, ಹಾಸ್ಟೆಲು, ಆಸ್ಪತ್ರೆಗಳ ಚಾದರಗಳು ಗಾಡಿಗಟ್ಟಲೆ ಕೊಳೆಯಾಗಿ ಬಂದು, ಒಗೆಸಿಕೊಂಡು, ತಾರಸಿಯ ಮೇಲೆ ಒಣಗಿ, ಮಡಿಕೆಯಾಗಿ ಹೊರಡುತ್ತಿದ್ದವು. ಆ ಮಡಿಕೆ ಹಾಕುವ ಕೆಲಸ ಅವಳದು. ಹಾಗಾಗಿ ಊರಿಗೆಲ್ಲ ಅವಳು ಮಡಿಕೆಯಕ್ಕ. ಬೀದಿಗೆ ಹೊಸದಾಗಿ ಬಂದವರು ಬಾಗಿಲು ತಟ್ಟಿ "ನೀರಿಗೆ ಇಡೋಕೆ ಒಂದು ದೊಡ್ಡ ಮಡಿಕೆ ಕೊಡ್ತೀರಾ?" ಎಂದು ಕೇಳಿದ್ದೂ ಉಂಟು. "ನಮ್ಮದು ಮಣ್ಣಿಂದಲ್ಲಪ್ಪ, ಬಟ್ಟೆದು" ಎಂದು ನಕ್ಕು ಕಳಿಸುತ್ತಿದ್ದಳು.

ಆಮೇಲೆ ಒಂದು ವರ್ಷ ಆ ಬೀದಿ ಬೇರೆ ಮಾತು ಹಿಡಿಯಿತು. "ಪಾಪ, ಹಾರ್ಟ್ ಪೇಷಂಟು" ಎನ್ನತೊಡಗಿತು. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದವಳು ಅವಳೊಬ್ಬಳೇ, ಅವಳ ಮನೆಯವರನ್ನು ಬಿಟ್ಟರೆ.

ದೊಡ್ಡ ಚಾದರ ಮಡಚಲು ಇಬ್ಬರು ಬೇಕು. ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಕೈ ಎತ್ತಿ ಝಾಡಿಸಬೇಕು, ಅಂಚಿಗೆ ಅಂಚು ಕೂಡಿಸಬೇಕು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ದಿನವಿಡೀ ಹೀಗೆ ದೂರ ಹೋಗುವುದು, ಹತ್ತಿರ ಬರುವುದು. ಲಾಂಡ್ರಿಯಲ್ಲಿ ಇದಕ್ಕೆ 'ಜೋಡಿ' ಅಂತಲೇ ಹೆಸರು. ಮಡಿಕೆಯಕ್ಕನ ಜೋಡಿಯನ್ನು ಎಲ್ಲರೂ ಗಂಟೆಯಕ್ಕ ಎಂದು ಕರೆಯುತ್ತಿದ್ದರು. ಯಾಕೆಂದು ಕೇಳಬೇಕಾಗಿಯೇ ಇರಲಿಲ್ಲ. ಅವಳು ತಾರಸಿಯ ಮೇಲೆ ಕೆಮ್ಮಿದರೆ ಕೆಳಗೆ ಗೇಟಿನವನು "ಬಂದೆ" ಎನ್ನುತ್ತಿದ್ದ. ಮಡಿಕೆಯಕ್ಕನ ದನಿಯಾದರೋ ಎದುರು ನಿಂತವರಿಗೂ ಅರ್ಧ ಕೇಳಿಸಿ ಅರ್ಧ ಕೇಳಿಸದಂಥದ್ದು. ಇಬ್ಬರಿಗೂ ಹೇಗೆ ಹೊಂದಿತೆಂದರೆ, ಒಬ್ಬಳು ಮಾತಾಡುತ್ತಿದ್ದಳು, ಇನ್ನೊಬ್ಬಳು ನಗುತ್ತಿದ್ದಳು.

ಮಡಿಕೆಯಕ್ಕನಿಗೆ ಬಲಗಡೆ ಗಂಟೊಂದು ಕಾಣಿಸಿತು. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಗಂಟಿನ ಜೊತೆಗೆ ಅದಿದ್ದ ಜಾಗವನ್ನೂ ತೆಗೆದರು, ಕಂಕುಳಲ್ಲಿದ್ದ ಇನ್ನಷ್ಟನ್ನೂ ತೆಗೆದರು. ಕೂದಲು ಉದುರಿ ಮತ್ತೆ ಹುಟ್ಟಿತು. ಅವಳು ಅಂಗಿಯೊಳಗೆ ಟವೆಲಿನ ತುಂಡೊಂದನ್ನು ಮಡಚಿಟ್ಟುಕೊಂಡು, ಮೇಲೊಂದು ಶಾಲು ಹೊದ್ದು, ಕೆಲಸಕ್ಕೆ ಮರಳಿದಳು. ಆ ತುಂಡನ್ನೂ ಅವಳು ಚಾದರದಷ್ಟೇ ಅಚ್ಚುಕಟ್ಟಾಗಿ ಮಡಚುತ್ತಿದ್ದಳು.

ಲಾಂಡ್ರಿಯ ಬಾಗಿಲಲ್ಲೇ ಎಲ್ಲರೂ ಮುತ್ತಿಕೊಂಡರು. ಗಂಟೆಯಕ್ಕ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು. "ಏನೇ ಇದು, ಇಷ್ಟು ಸಣ್ಣ ಆಗಿದೀಯ! ಯಾವ ಆಪರೇಷನ್ನೇ ಆಗಿದ್ದು?"

ಇಲ್ಲೊಂದು ವಿಷಯ ಹೇಳಬೇಕು. ತೆಗೆದ ಆ ಅಂಗಕ್ಕೆ ನಮ್ಮ ಮಾತಿನಲ್ಲಿ ಮೂರು ಹೆಸರು. ಒಂದು ಆಸ್ಪತ್ರೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುವ 'ಸ್ತನ'. ಅದನ್ನು ಓದಬಹುದು. ಬಾಗಿಲಲ್ಲಿ ನಿಂತು ಗೆಳತಿಯ ಹತ್ತಿರ ಯಾರೂ ಅದನ್ನು ಆಡುವುದಿಲ್ಲ. ಇನ್ನೊಂದು ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಹೆಸರು. ಕುಡುಕರ ಬೈಗುಳದಲ್ಲೂ ಅದೇ ಬರುವುದರಿಂದ ಮಡಿಕೆಯಕ್ಕನ ಬಾಯಿ ಅದರ ಹತ್ತಿರವೂ ಸುಳಿಯದು. ಮೂರನೆಯದು ಎದೆ. ಮರ್ಯಾದೆಯ ಮಾತು. ಧೈರ್ಯಕ್ಕೂ ಅದೇ, ದುಃಖಕ್ಕೂ ಅದೇ, ಉಸಿರು ಕಟ್ಟಿದರೂ ಅದೇ.

"ಎದೆದು" ಅಂದಳು ಮಡಿಕೆಯಕ್ಕ.

"ಅಯ್ಯೋ ದೇವ್ರೇ, ಹಾರ್ಟಾ!" ಎಂದು ಗಂಟೆಯಕ್ಕ ತನ್ನ ಎದೆಯನ್ನೇ ಹಿಡಿದುಕೊಂಡಳು. ಆ ಕೂಗು ಒಗೆಯುವ ಯಂತ್ರಗಳ ಗದ್ದಲವನ್ನೂ ದಾಟಿ ಒಳಗೆ ಹೋಯಿತು.

ಮಡಿಕೆಯಕ್ಕ ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ನೆಲ ನೋಡಿದಳು. ಅಷ್ಟೇ ಅವಳು ಮಾಡಿದ್ದು.

ಅವಳ ಗಂಡ ಬಸ್ ನಿಲ್ದಾಣದ ಹತ್ತಿರ ಬೀಗದ ಕೀ ಮಾಡಿಕೊಡುವವನು. ಸಂಜೆ ಅವನಿಗೆ ಹೇಳಿದಳು. "ನಾನೇನೂ ಹೇಳಲಿಲ್ಲ ರೀ. ಅವಳೇ ಅಂದ್ಕೊಂಡ್ಳು."

"ಅಂದ್ಕೊಂಡ್ರೆ ಅಂದ್ಕೊಳ್ಳಲಿ ಬಿಡು" ಅಂದ ಅವನು. ಅವನಿಗೂ ಅದು ಒಳ್ಳೆಯದೇ ಅನ್ನಿಸಿತ್ತು. ಮಗಳು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪಕ್ಕದ ಕನ್ನಡಕದಂಗಡಿಯ ಹುಡುಗನನ್ನು ಮೆಚ್ಚಿದ್ದಳು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆಂದು ಹುಡುಗನ ಮನೆಯವರು ಹಿಂಜರಿದರೆ? ಹಾರ್ಟು ಅಂದರೆ ಯಾರೂ ಹಾಗೆ ಅನ್ನುವುದಿಲ್ಲ. ಹಾರ್ಟಿಗೆ ಒಂದು ಮರ್ಯಾದೆ ಇದೆ.

ಮರ್ಯಾದೆ ಬಂತು, ಬೇಡವೆಂದರೂ ಬಂತು. ಲಾಂಡ್ರಿಯ ಮ್ಯಾನೇಜರು ಒಳ್ಳೆಯ ಮನುಷ್ಯ. "ಹಾರ್ಟ್ ಪೇಷಂಟು ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು" ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುವ ಕೆಲಸ ಕೊಟ್ಟ. ಆಸ್ಪತ್ರೆಯಲ್ಲಿ ಅವಳಿಗೆ ಏನು ಹೇಳಿ ಕಳಿಸಿದ್ದರು ಗೊತ್ತೇ? ಆ ಬಲಗೈಗೆ ಬಿಸಿ ತಾಗಿಸಬೇಡ, ಒಂದೇ ಸಮ ದುಡಿಸಬೇಡ, ಅದರಲ್ಲಿ ಚೀಲ ಕೂಡ ಹಿಡಿಯಬೇಡ, ಬಾತರೆ ಮತ್ತೆ ಇಳಿಯುವುದು ಕಷ್ಟ ಎಂದು. ಆವಿ ಉಗುಳುವ ಇಸ್ತ್ರಿಪೆಟ್ಟಿಗೆಯನ್ನು ಅದೇ ಕೈಯಲ್ಲಿ ಹಿಡಿದು ಅವಳು ಬೆಳಗಿನಿಂದ ಸಂಜೆಯವರೆಗೆ ತಳ್ಳಿದಳು. ಕೈ ಬಾತಿತು. ಮಣಿಕಟ್ಟಿನ ಮೂಳೆ ಕಾಣದಾಯಿತು. ತೋಳು ಸಡಿಲವಾದ ಅಂಗಿಗಳನ್ನು ಹೊಲಿಸಿಕೊಂಡಳು.

ಅತ್ತ ಗಂಟೆಯಕ್ಕ ಜೋಡಿಯ ಪಾಲಿನ ಒದ್ದೆ ಬಟ್ಟೆಯ ಗಂಟುಗಳನ್ನೂ ತಾನೇ ಹೊತ್ತು ತಾರಸಿಗೆ ಏರಿಸುತ್ತಿದ್ದಳು. "ನಿನ್ನ ಹಾರ್ಟನ್ನ ನೀನು ನೋಡ್ಕೋ. ನನ್ನ ಸೊಂಟ ಕಬ್ಬಿಣದ್ದು ಕಣೇ" ಅನ್ನುತ್ತಿದ್ದಳು. ಸಂಜೆ ಮೂಲೆಯಲ್ಲಿ ಗೋಡೆಗೆ ಸೊಂಟ ಒತ್ತಿ ನಿಂತು ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ಮಡಿಕೆಯಕ್ಕ ಮುಖ ತಿರುಗಿಸಿಕೊಳ್ಳುತ್ತಿದ್ದಳು. ನಾಳೆ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದಳು. ನಾಳೆಗೆ ಸುಳ್ಳು ಇನ್ನೂ ಒಂದು ದಿನ ಹಳತಾಗಿರುತ್ತಿತ್ತು. ಹಳತಾದಷ್ಟೂ ಬಾಯಿ ಬಿಡುವುದು ಕಷ್ಟ.

ಹೀಗಿರುವಾಗ ಮಾಲೀಕರ ಕಡೆಯಿಂದ ಹೊಸ ಕಟ್ಟಳೆ ಬಂತು. ಹಗುರ ಕೆಲಸ ಬೇಕೆನ್ನುವವರು ಸರ್ಕಾರಿ ಡಾಕ್ಟರುಗಳ ಮಂಡಳಿಯ ಮುಂದೆ ಹಾಜರಾಗಿ ಅಂಗವೈಕಲ್ಯದ ಪ್ರಮಾಣಪತ್ರ ತರಬೇಕು. ತರದವರು ಮೊದಲಿನ ಕೆಲಸಕ್ಕೇ ಮರಳಬೇಕು. ಆಗದಿದ್ದರೆ ಕೆಲಸ ಬಿಡಬೇಕು. ಕೆಲಸ ಹೋದರೆ ಲಾಂಡ್ರಿ ಕೊಟ್ಟ ಮನೆಯೂ ಹೋಗುತ್ತದೆ. "ನಿನಗೇನು ಭಯ? ಹಾರ್ಟ್ ಅಂದ ತಕ್ಷಣ ಕೊಡ್ತಾರೆ" ಎಂದು ಗಂಟೆಯಕ್ಕ ರಜೆ ಹಾಕಿ ತಾನೇ ಅವಳನ್ನು ಕರೆದುಕೊಂಡು ಹೊರಟಳು.

ಮಂಡಳಿಯ ಕಚೇರಿ ಒಂದು ಉದ್ದನೆಯ ಹಾಲು. ಊರುಗೋಲು ಹಿಡಿದವರು, ಕಣ್ಣಿಗೆ ಕಪ್ಪು ಕನ್ನಡಕ ಹಾಕಿದವರು, ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡವರು ಬೆಂಚುಗಳ ತುಂಬ. ಮುಂದೆ ಮೇಜು ಹಾಕಿಕೊಂಡ ಗುಮಾಸ್ತ ಎಲ್ಲರಿಗೂ ಕೇಳುವಂತೆ "ಏನು ತೊಂದರೆ?" ಎಂದು ಕೇಳುತ್ತಿದ್ದ.

"ಎದೆ..." ಅಂದಳು ಮಡಿಕೆಯಕ್ಕ.

"ಹಾರ್ಟು ಸಾರ್, ದೊಡ್ಡ ಆಪರೇಷನ್ನು" ಎಂದು ಗಂಟೆಯಕ್ಕ ಕೈಜೋಡಿಸಿದಳು.

"ಹಾರ್ಟ್! ಮೂರನೇ ರೂಮು!"

ಅಷ್ಟಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಸುತ್ತ ಗಂಡಸರು, ಪಕ್ಕದಲ್ಲಿ ಗಂಟೆಯಕ್ಕ. ಮಡಿಕೆಯಕ್ಕ ಮೂರನೇ ರೂಮಿನ ಸಾಲಿಗೆ ಹೋಗಿ ಕೂತಳು. ನಿಜವಾದ ಆಸ್ಪತ್ರೆ ಕಾಗದಗಳು ಚೀಲದ ತಳದಲ್ಲಿದ್ದವು. ಚೀಲದ ಬಾಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

ಒಳಗೆ ಪರದೆಯ ಹಿಂದೆ ಇಸಿಜಿ ತೆಗೆಯುವ ನರ್ಸು ಅಂಗಿ ಬಿಚ್ಚಲು ಹೇಳಿದಳು. ಟವೆಲಿನ ತುಂಡು ಮಡಿಕೆ ಕೆಡದೆ ಹಾಗೇ ಮಡಿಕೆಯಕ್ಕನ ಮಡಿಲಿಗೆ ಬಿತ್ತು. ನರ್ಸು ಪರದೆಯನ್ನು ಇನ್ನಷ್ಟು ಎಳೆದಳು. "ಅಕ್ಕಾ, ನೀವು ಈ ರೂಮಿಗ್ಯಾಕೆ ಬಂದ್ರಿ? ಡಾಕ್ಟ್ರಿಗೆ ನಾನು ಹೇಳ್ಲಾ?"

"ಬೇಡ ಸಿಸ್ಟರ್. ಹೊರಗೆ ನನ್ನ ಜೋಡಿ ಇದಾಳೆ."

"ಜೋಡಿ ಅಂದ್ರೆ ಯಜಮಾನ್ರಾ?"

"ಅಲ್ಲ. ಚಾದರದ ಜೋಡಿ."

ನರ್ಸಿಗೆ ಏನರ್ಥವಾಯಿತೋ, ಮತ್ತೆ ಕೇಳಲಿಲ್ಲ. ಅಂಗಿ ಹಾಕಿಕೊಳ್ಳಲು ಕೈ ಹಿಡಿದಳು.

ಡಾಕ್ಟರು ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಅದಕ್ಕೇ ಏನೋ, ಲೋಕಕ್ಕೆಲ್ಲ ಕಿವಿ ಮಂದವೆಂದು ತಿಳಿದು ಮಾತಾಡುವವರು. ಇಸಿಜಿ ಪಟ್ಟಿಯನ್ನು ಹಿಡಿದು ನೋಡಿ, ಎದೆಗೆ ಕೊಳವೆ ಇಟ್ಟು ಕೇಳಿ, ಕೂಗಿದರು: "ಕುದುರೆ ಹಾರ್ಟಮ್ಮ ನಿಂದು! ಯಾರು ಹೇಳಿದ್ದು ಕಾಯಿಲೆ ಅಂತ? ಆಪರೇಷನ್ ಕಾಗದ ಎಲ್ಲಿ?"

"ತಂದಿಲ್ಲ ಸಾರ್."

"ಹಾರ್ಟಿಗೆ ಏನೇನೂ ಆಗಿಲ್ಲ. ಹೋಗು, ಆರಾಮಾಗಿ ದುಡಿ."

ಬಾಗಿಲು ತೆರೆದೇ ಇತ್ತು. ಹೊರಗೆ ಗಂಟೆಯಕ್ಕ ನಿಂತೇ ಇದ್ದಳು.

ಬಸ್ಸಿನಲ್ಲಿ ಗಂಟೆಯಕ್ಕ ಮಾತಾಡಲಿಲ್ಲ. ಮಳೆ ಗಾಳಿ ಯಾವುದಕ್ಕೂ ನಿಲ್ಲದ ಬಾಯಿ ಅದು. ಅದು ಮುಚ್ಚಿಕೊಂಡು ಕೂತದ್ದನ್ನು ನೋಡಿ ಮಡಿಕೆಯಕ್ಕನ ಜೀವ ಹಿಡಿಯಷ್ಟಾಯಿತು. ಇಳಿಯುವ ಮುಂಚೆ ಗಂಟೆಯಕ್ಕ ಕಿಟಕಿಗೆ ಹೇಳಿದಂತೆ ಹೇಳಿದಳು: "ನಿಂದು ಕುದುರೆ ಹಾರ್ಟು. ಹೊತ್ತಿದ್ದು ಮಾತ್ರ ಈ ಕತ್ತೆ."

ಮರುದಿನ ಲಾಂಡ್ರಿಗೆಲ್ಲ ಗೊತ್ತಾಯಿತು. ಮಡಿಕೆಯಕ್ಕ ಕೆಲಸ ತಪ್ಪಿಸಲು ಹಾರ್ಟಿನ ನಾಟಕ ಹೂಡಿದ್ದಳಂತೆ. ಇಸ್ತ್ರಿ ಮೇಜಿನಿಂದ ಅವಳನ್ನು ಎಬ್ಬಿಸಿ ಮತ್ತೆ ಚಾದರಕ್ಕೆ ಹಾಕಿದರು. ಗಂಟೆಯಕ್ಕ ಬೇರೆ ಜೋಡಿ ಕೇಳಿ ಪಡೆದಳು. ಹಿಂದಿನಿಂದ ಯಾರೋ ಕುದುರೆಯ ಹಾಗೆ ಕೆನೆಯುತ್ತಿದ್ದರು, ಎಲ್ಲರೂ ಕಿಸಕ್ಕನೆ ನಗುತ್ತಿದ್ದರು. ಮಡಿಕೆಯಕ್ಕ ತಲೆ ತಗ್ಗಿಸಿ ಒದ್ದೆ ಗಂಟು ಹೊತ್ತಳು. ಇದು ನನಗೆ ಆಗಬೇಕಾದ್ದೇ ಎಂದು ಅವಳ ಲೆಕ್ಕ. ಮನೆಗೆ ಬಂದರೆ ಕೈ ಕೆಂಪಗೆ ಕಾಯುತ್ತಿತ್ತು, ಜ್ವರ ಬರುತ್ತಿತ್ತು. ಗಂಡ "ಹೋಗಿ ಹೇಳ್ಬಿಡೇ" ಅಂದರೆ, "ಈಗ ಹೇಳಿದ್ರೆ ಇನ್ನೊಂದು ಸುಳ್ಳು ಅಂತಾರೆ" ಎನ್ನುತ್ತಿದ್ದಳು.

ಒಂದು ದಿನ ಇಬ್ಬರ ಜೋಡಿಗಳೂ ಬರಲಿಲ್ಲ. ಮೇಸ್ತ್ರಿ, ಏನೂ ಯೋಚಿಸದೆ, ಹಳೆಯ ಜೋಡಿಯನ್ನೇ ಎದುರುಬದುರು ನಿಲ್ಲಿಸಿದ. ದೊಡ್ಡ ಮಂಚದ ಚಾದರ. ಗಂಟೆಯಕ್ಕ ಮುಖ ಕೊಡದೆ ತನ್ನ ತುದಿ ಎತ್ತಿ ಝಾಡಿಸಿದಳು. ಮಡಿಕೆಯಕ್ಕನ ಕೈ ಭುಜದ ಮಟ್ಟದಿಂದ ಮೇಲೇಳಲಿಲ್ಲ. ಬೆರಳು ಬಿಟ್ಟುಕೊಂಡಿತು. ಒಗೆದ ಚಾದರ ಒದ್ದೆ ನೆಲದ ಮೇಲೆ ಬಿತ್ತು. ಅವಳ ಕೈಯಿಂದ ಹಾಗೆ ಎಂದೂ ಬಿದ್ದಿರಲಿಲ್ಲ.

"ಏನಾಯ್ತು ಕುದುರೆಗೆ?" ಅಂದಳು ಗಂಟೆಯಕ್ಕ. ಅಂದವಳು, ಚಾದರ ಎತ್ತಲು ಬಗ್ಗಿದ ಜೋಡಿಯ ಅಂಗಿಯ ತೋಳು ಮೇಲೆ ಸರಿದದ್ದನ್ನು ಕಂಡಳು. ಕೈ ಬೇರೆ ಯಾರದೋ ಕೈಯ ಹಾಗಿತ್ತು, ತುಂಬಿದ ದಿಂಬಿನ ಹಾಗೆ. "ಇದೇನೇ ಇದು?"

ಇಬ್ಬರೂ ಚಾದರದ ಎರಡು ತುದಿ ಹಿಡಿದು ನಿಂತಿದ್ದರು. ಮಡಿಕೆಯಕ್ಕ ಅಂಚು ಕೂಡಿಸುತ್ತ ಹತ್ತಿರ ಬಂದಳು. ಹತ್ತಿರ ಬಂದು ಪಿಸುಗುಟ್ಟಿದಳು: "ಎದೆ ಆಪರೇಷನ್ ಆದಾಗಿಂದ ಹೀಗೆ."

"ಮತ್ತೆ ಎದೆ ಶುರು ಮಾಡಿದ್ಯಾ? ನಿನ್ನ ಎದೆ ಗಟ್ಟಿ ಇದೆ ಅಂತ ಡಾಕ್ಟ್ರೇ ಕಿರುಚಿದ್ರಲ್ಲೇ!"

"ಆ ಎದೆ ಅಲ್ಲ."

"ಮತ್ಯಾವ ಎದೆ? ಎಷ್ಟಿವೆ ನಿನಗೆ?"

"ಈಗ ಒಂದೇ" ಅಂದಳು ಮಡಿಕೆಯಕ್ಕ.

ಗಂಟೆಯಕ್ಕನ ಕಣ್ಣು ಶಾಲಿನ ಮೇಲೆ ಹೋಗಿ, ನಾಚಿ, ತಿರುಗಿ ಮುಖಕ್ಕೆ ಬಂತು. ಚಾದರದ ತುದಿಯನ್ನು ಜೋಡಿಯ ಕೈಯಿಂದ ತೆಗೆದುಕೊಂಡು ಉಳಿದ ಮಡಿಕೆಯನ್ನು ತಾನೊಬ್ಬಳೇ ಹಾಕಿದಳು, ಸೊಟ್ಟಂಬಟ್ಟ.

"ಹಾರ್ಟಾ ಅಂತ ನಾನು ಕೇಳಿದಾಗ ಬಾಯಿಗೇನು ಮೆತ್ಕೊಂಡಿದ್ದೆ?"

"ನಾಚಿಕೆಯಾಯ್ತು ಕಣೇ."

"ನಾಚಿಕೆ! ನಿನ್ನ ನಾಚಿಕೇನ ನಾನು ತಾರಸಿಗೆ ಹೊತ್ತು ಹೊತ್ತು ನನ್ನ ಸೊಂಟ ಹೋಯ್ತಲ್ಲೇ."

"ನಿಜ ಹೇಳಿದ್ರೆ ಹೊರ್ತಿರಲಿಲ್ವಾ?"

ಗಂಟೆಯಕ್ಕ ಮಡಿಕೆಯ ಸೊಟ್ಟ ಅಂಚನ್ನು ಅಂಗೈಯಿಂದ ಒತ್ತಿದಳು. ಸಣ್ಣ ದನಿಯಲ್ಲಿ ಅಂದಳು: "ಹೊರ್ತಿದ್ದೆ. ಗೊತ್ತಿದ್ದು ಹೊರ್ತಿದ್ದೆ. ಈಗ ನೋಡು, ನನ್ನ ಕೈಲೂ ನಿನಗೆ ಅನ್ನಬಾರದ್ದು ಅನ್ನಿಸಿಬಿಟ್ಟೆ." ಸೊಂಟ ಹೋದದ್ದನ್ನು ಅವಳು ಕ್ಷಮಿಸಿದಳೋ ಇಲ್ಲವೋ, ಮುಂದಿನ ಸಲ ಮಂಡಳಿಗೆ ಹೋಗುವಾಗ ಮತ್ತೆ ರಜೆ ಹಾಕಿದಳು.

ಅದೇ ಹಾಲು, ಅದೇ ಗುಮಾಸ್ತ. "ಹಾರ್ಟಲ್ವಾ? ಹೋದ ಸಲನೇ ಆಯ್ತಲ್ಲಮ್ಮ. ಏನೂ ಇಲ್ಲ ಅಂದ್ರಲ್ಲ."

"ಹಾರ್ಟ್ ಅಲ್ಲ ಸಾರ್. ಎದೆ... ಕೈ..."

"ಎದೆ ಅಂದ್ರೆ ಹಾರ್ಟೇ ಅಲ್ವೇನಮ್ಮ? ಬಾಯ್ಬಿಟ್ಟು ಹೇಳಿ, ಹಿಂದೆ ಜನ ಇದಾರೆ."

ಮಡಿಕೆಯಕ್ಕನ ತುಟಿ ಅಲುಗಿತು. ದನಿ ಹೊರಡಲಿಲ್ಲ. ಗಂಟೆಯಕ್ಕ ಮೇಜಿಗೆ ಎರಡೂ ಕೈ ಊರಿದಳು.

"ಮೊಲೆ ಕಣಯ್ಯಾ, ಮೊಲೆ! ನಿಮ್ಮಮ್ಮ ನಿನಗೆ ಹಾಲು ಕುಡಿಸಿದ್ದು ಯಾವುದರಲ್ಲಿ, ಹಾರ್ಟಲ್ಲಾ?"

ಫ್ಯಾನಿನ ಕಿರುಗುಟ್ಟು ಕೇಳಿಸತೊಡಗಿತು. ಊರುಗೋಲಿನವನೊಬ್ಬ ತನ್ನ ಚಪ್ಪಲಿಯನ್ನೇ ದಿಟ್ಟಿಸಿದ. ಗುಮಾಸ್ತನ ಕಿವಿ ಕೆಂಪಾದವು. ಮಡಿಕೆಯಕ್ಕನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಶಾಲನ್ನು ಕತ್ತಿನವರೆಗೆ ಎಳೆದು ಕಣ್ಣು ಮುಚ್ಚಿಕೊಂಡಳು.

ಆಗ ಮೂರನೇ ರೂಮಿನ ಸಾಲಿನಿಂದ ಕಪ್ಪು ಕೋಟಿನ ಹೆಂಗಸೊಬ್ಬಳು ಎದ್ದು ಬಂದು, ಗಂಟೆಯಕ್ಕನ ಮೊಣಕೈ ಮುಟ್ಟಿ ಮೆಲ್ಲಗೆ ಕೇಳಿದಳು: "ಅದಕ್ಕೆ ಯಾವ ರೂಮಂತೆ? ನಾನೂ ಎದೆ ಅಂತಲೇ ಬರೆಸಿದೀನಿ."

ರೂಮು ಬೇರೆಯೇ ಇತ್ತು. ಅಲ್ಲಿದ್ದವರು ಹೆಂಗಸು ಡಾಕ್ಟರು. ಟೇಪು ಹಿಡಿದು ಎರಡೂ ಕೈಗಳ ಸುತ್ತಳತೆ ತೆಗೆದರು, ಭುಜಕ್ಕೆ ಕೋನಮಾಪಕದಂಥ ಕಡ್ಡಿ ಹಿಡಿದು "ಎತ್ತಿ" ಅಂದರು. ಮಡಿಕೆಯಕ್ಕ ಹಲ್ಲು ಕಚ್ಚಿ, ಬೆವತು, ಚಾದರ ಝಾಡಿಸುವವಳ ಹಾಗೆ ಕೈಯನ್ನು ಮೇಲೆ ಎಳೆಯಲು ನೋಡಿದಳು.

"ಏಯ್, ಎಷ್ಟಾಗುತ್ತೋ ಅಷ್ಟೇ ಎತ್ತೇ!" ಎಂದು ಗಂಟೆಯಕ್ಕ ಬಾಗಿಲಿನಿಂದ ಗದರಿದಳು.

ಡಾಕ್ಟರು ನಕ್ಕರು. "ಅವರು ಹೇಳೋದು ಸರಿ. ನೋವು ಶುರುವಾಗೋ ಕಡೆ ನಿಲ್ಲಿಸಿ." ಆಮೇಲೆ ಕೈಯ ಚರ್ಮ ಒತ್ತಿ ನೋಡಿ ಕೇಳಿದರು: "ಬಿಸಿ ಹತ್ತಿರ ಕೆಲಸ ಮಾಡಿದ್ರಾ?"

"ಇಸ್ತ್ರಿ ಹಾಕ್ತಿದ್ದೆ."

"ಯಾರು ಕೊಟ್ರು ಆ ಕೆಲಸ?"

ಮಡಿಕೆಯಕ್ಕ ಅಂಗಿಯ ತೋಳನ್ನು ಕೆಳಗೆಳೆದುಕೊಂಡಳು. ಕೊಟ್ಟವನು ಒಳ್ಳೆಯ ಮನುಷ್ಯ. ಕೊಡಿಸಿದ್ದು ತನ್ನ ಬಾಯಿ. ಊತ ಇನ್ನು ಪೂರ್ತಿ ಇಳಿಯುವುದಿಲ್ಲ, ಪಟ್ಟಿ ಕಟ್ಟಿ ಕಾಪಾಡಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಅಳತೆಯೆಲ್ಲ ಮುಗಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಮೇಡಂ, ಇದೆಲ್ಲ ಕೈದಾಯ್ತು. ಅದು... ತೆಗೆದದ್ದಕ್ಕೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಕ್ಕೆ ನಮ್ಮ ನಿಯಮದಲ್ಲಿ ಲೆಕ್ಕ ಇಲ್ಲಮ್ಮ. ಕೈಯಿಂದ ಏನಾಗಲ್ಲ ಅಂತ ಮಾತ್ರ ಕಾನೂನು ಕೇಳುತ್ತೆ."

ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಯಾವುದನ್ನು ಒಂದು ವರ್ಷ ಟವೆಲಿನಿಂದ, ಶಾಲಿನಿಂದ, ಸುಳ್ಳಿನಿಂದ ಮುಚ್ಚಿಟ್ಟಿದ್ದಳೋ, ಅದನ್ನು ಯಾರೂ ಕೇಳಲೇ ಇಲ್ಲ. ಧೈರ್ಯವಾಗಿ ತೋರಿಸಬಹುದಾಗಿದ್ದ ಕೈಯನ್ನೇ ಅವಳು ಅಂಗಿಯ ತೋಳಿನೊಳಗೆ ಬಚ್ಚಿಟ್ಟು ಕೆಡಿಸಿಕೊಂಡಿದ್ದಳು.

ಪ್ರಮಾಣಪತ್ರ ಬಂತು. ಮ್ಯಾನೇಜರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡ. "ಮೊದಲೇ ಹೇಳಿದ್ರೆ ಇಸ್ತ್ರಿ ಹತ್ತಿರ ಕೂರಿಸ್ತಿರಲಿಲ್ಲಮ್ಮ" ಅಂದ. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಪಟ್ಟಣದ ಆ ತುದಿಯಲ್ಲಿ ಲಾಂಡ್ರಿಯದೇ ಒಂದು ಅಂಗಡಿ ಇತ್ತು. ಜನ ಬಟ್ಟೆ ಕೊಟ್ಟು ಚೀಟಿ ಪಡೆಯುವ ಕಡೆ. ಅಲ್ಲಿ ಕೂತು ಚೀಟಿ ಬರೆಯುವ ಕೆಲಸ ಕೊಟ್ಟ. ಕೆಲಸ ಉಳಿಯಿತು. ಆದರೆ ಲಾಂಡ್ರಿಯ ಮನೆ ಒಗೆಯುವವರಿಗೆ, ಮಡಚುವವರಿಗೆ ಮಾತ್ರ.

ಮನೆ ಖಾಲಿ ಮಾಡಲು ಪಾತ್ರೆ ಕಟ್ಟುವಾಗ ಮಗಳ ಹತ್ತಿರ ಮಡಿಕೆಯಕ್ಕ ಹೇಳಿದಳು: "ಬೀದಿಗೆಲ್ಲ ಗೊತ್ತಾಗಿದೆ. ಹುಡುಗನ ಮನೆಯವರಿಗೆ ಯಾರಾದ್ರೂ ಹೇಳೋ ಮುಂಚೆ ನಾನೇ ಹೋಗಿ..."

"ಅವರಿಗೆ ಗೊತ್ತಮ್ಮ" ಅಂದಳು ಮಗಳು, ಲೋಟಗಳಿಗೆ ಹಳೆಯ ಪೇಪರು ಸುತ್ತುತ್ತ. "ನೀನು ಆಸ್ಪತ್ರೆಲಿದ್ದಾಗಲೇ ಹೇಳಿದ್ದೆ. ಅವರಮ್ಮ ನಿನ್ನ ನೋಡೋಕೆ ಬರ್ತೀನಿ ಅಂದ್ರು. ಬೇಡ, ಅಮ್ಮ ನಾಚ್ಕೋತಾಳೆ ಅಂತ ನಾನೇ ತಡೆದೆ."

ಮಡಿಕೆಯಕ್ಕ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದ್ದೇ ಒರೆಸಿದಳು. ಹಾಗಾದರೆ ಗಂಟೆಯಕ್ಕನ ಸೊಂಟ ಯಾರಿಗಾಗಿ ಹೋಯಿತು?

ಹೊರಡುವ ಬೆಳಿಗ್ಗೆ ಗಂಡನೂ ಮಗಳೂ ಸಾಮಾನಿನ ಗಾಡಿಯಲ್ಲಿ ಮುಂದೆ ಹೋದರು. ಅವಳು ಹಿಂದೆ ಉಳಿದು ಎಡಗೈಯಲ್ಲಿ ಮನೆ ಗುಡಿಸಿ, ಬೀಗ ಹಾಕಿ, ಕೀಯನ್ನು ಗೇಟಿನವನಿಗೆ ಕೊಟ್ಟಳು. ಯಾರ ಕಣ್ಣಿಗೂ ಬೀಳದೆ ಗೋಡೆಯ ನೆರಳು ಹಿಡಿದು ಹೋಗಿಬಿಡಬೇಕೆಂದಿದ್ದಳು. ಗಂಟೆಯಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಎಷ್ಟೋ ಸಲ ಬಾಯಿಗೆ ತಂದುಕೊಂಡು ನುಂಗಿದ ಮಾತು. ಈಗ ಆಗಲಿಲ್ಲ, ಇನ್ನೊಮ್ಮೆ ಬಂದು ಹೇಳಿದರಾಯಿತು ಎಂದು ತಾರಸಿಯ ಕೆಳಗೆ ಬೇಗ ಬೇಗ ಹೆಜ್ಜೆ ಹಾಕಿದಳು.

"ಏಯ್! ಬಲಗೈಲಿ ಯಾಕೇ ಚೀಲ ಹಿಡಿದಿದೀಯ?"

ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಮೇಲೆ ಒದ್ದೆ ಚಾದರಗಳ ನಡುವೆ ಗಂಟೆಯಕ್ಕ ಒಂದು ಕೈಯಿಂದ ಸೊಂಟ ಹಿಡಿದು ಬಗ್ಗಿ ನೋಡುತ್ತಿದ್ದಳು. ಮಡಿಕೆಯಕ್ಕ ಚೀಲವನ್ನು ಎಡಗೈಗೆ ಬದಲಿಸಿದಳು. ತುಟಿ ಅಲುಗಿಸಿ ಏನೋ ಅಂದಳು.

"ಏನಂದೆ? ಕೇಳಿಸ್ಲಿಲ್ಲ!"

ಮಡಿಕೆಯಕ್ಕನ ಮುಖ ಕಿವಿಯವರೆಗೆ ಬಿಸಿಯಾಯಿತು. ಎದುರುಮನೆಯವರು, ಪಕ್ಕದ ಮನೆಯವರು, ಗೇಟಿನವನು ಎಲ್ಲ ಅವಳನ್ನೇ ನೋಡುತ್ತಿದ್ದರು. ತಲೆ ಎತ್ತಿ, ಬೀದಿಗೆಲ್ಲ ಕೇಳುವಂತೆ, ಒಡಕು ದನಿಯಲ್ಲಿ ಕೂಗಿದಳು:

"ತಪ್ಪಾಯ್ತು ಕಣೇ! ನಿನ್ನ ಸೊಂಟ ನೋಡ್ಕೋ!"

ಉತ್ತರಕ್ಕೆ ಕಾಯಲಿಲ್ಲ. ಯಾರ ಮುಖವನ್ನೂ ನೋಡದೆ ಬಸ್ಸಿನ ಕಡೆ ನಡೆದುಬಿಟ್ಟಳು.